ಗುಟ್ಟು ಹಂಚುವುದೆಂದರೆ ಹರಿದು ಹಾಕುವುದಲ್ಲ

ಗುಟ್ಟನ್ನು ಪಾಲು ಮಾಡಿ, ಒಂದೊಂದು ಪಾಲನ್ನು ಜಾಲದ ಒಂದೊಂದು ದಾರಿಯಲ್ಲಿ ಕಳಿಸುವ ವಿದ್ಯೆಗೆ ಬುನಾದಿ ಬಿದ್ದದ್ದು 1979ರಲ್ಲಿ. ಆ ವರ್ಷ ಅದಿ ಶಮೀರ್ ಮತ್ತು ಜಾರ್ಜ್ ಬ್ಲೇಕ್ಲಿ ಇಬ್ಬರೂ ತಂತಮ್ಮ ಪಾಡಿಗೆ ಗುಟ್ಟನ್ನು ಪಾಲು ಮಾಡುವ ಉಪಾಯ ಕಂಡುಕೊಂಡರು. ಇದರ ಬಗ್ಗೆ ಇರುವ ತಪ್ಪು ತಿಳಿವಳಿಕೆ ಅಪಾಯಕ್ಕೆ ದಾರಿ ಮಾಡುವಂಥದ್ದು.

ತಪ್ಪು ಕಲ್ಪನೆ: ಪಾಸ್‌ವರ್ಡನ್ನು ಮೂರು ತುಂಡು ಮಾಡಿ ಮೂರು ದಾರಿಯಲ್ಲಿ ಕಳಿಸಿದರಾಯಿತು.

ವಾಸ್ತವ: ಹಾಗೆ ಮಾಡಿದರೆ ಒಂದು ತುಂಡು ಸಿಕ್ಕವನಿಗೆ ಅಷ್ಟು ಗುಟ್ಟು ಸಿಕ್ಕಂತೆಯೇ. ಒಂದು ತುಂಡು ಕಳೆದರೆ ನಮಗೂ ಪೂರ್ತಿ ಸಿಗದು. ಶಮೀರ್ ಹಾದಿಯೇ ಬೇರೆ. ಗುಟ್ಟು 7 ಎನ್ನಿ. ಯಾರಿಗೂ ಹೇಳದ ಇನ್ನೊಂದು ಸಂಖ್ಯೆ 3. ಅದನ್ನು 7ಕ್ಕೆ ಒಂದು ಸಲ ಕೂಡಿಸಿದರೆ 10, ಎರಡು ಸಲ ಕೂಡಿಸಿದರೆ 13, ಮೂರು ಸಲಕ್ಕೆ 16. ಇವೇ ಒಂದನೆಯ, ಎರಡನೆಯ, ಮೂರನೆಯ ಪಾಲು. ಯಾವ ಎರಡು ಪಾಲು ಕೈಗೆ ಬಂದರೂ ಹಿಂದಕ್ಕೆ ಲೆಕ್ಕ ಹಾಕಿ 7 ಮುಟ್ಟಬಹುದು. 10 ಒಂದೇ ಇದ್ದರೆ ದಿಕ್ಕೇ ತೋಚದು. ನಿಜವಾದ ಬಳಕೆಯಲ್ಲಿ ದೊಡ್ಡ ಅವಿಭಾಜ್ಯ ಸಂಖ್ಯೆಯಿಂದ ಭಾಗಿಸಿ ಶೇಷವನ್ನಷ್ಟೇ ಇಟ್ಟುಕೊಳ್ಳುತ್ತಾರೆ. ಆಗ ಒಂಟಿ ಪಾಲಿನಿಂದ ಎಂಥ ಕಂಪ್ಯೂಟರಿಗೂ ಏನೂ ತಿಳಿಯದು. ಈ ಗಣಿತದ ಚೆಲುವು ನನಗೆ ಇಂದಿಗೂ ಬೆರಗು.

ತಪ್ಪು ಕಲ್ಪನೆ: ಕದ್ದು ಓದಲಾಗದಿದ್ದರೆ ಸಂದೇಶ ಸರಿಯಾಗಿಯೇ ತಲುಪುತ್ತದೆ.

ವಾಸ್ತವ: ನಡುದಾರಿಯಲ್ಲಿ ಯಾರೋ 13ನ್ನು 14 ಮಾಡಿದರೆ, 10 ಮತ್ತು 14 ಹಿಡಿದವರಿಗೆ ಗುಟ್ಟು 6 ಎಂದು ಕಾಣುತ್ತದೆ, ಅನುಮಾನವೂ ಬರುವುದಿಲ್ಲ. ಡೋಲೆವ್, ಡ್ವರ್ಕ್, ವಾರ್ಟ್ಸ್, ಯಂಗ್ ಎಂಬ ಸಂಶೋಧಕರು 1993ರಲ್ಲಿ ಇದರ ಲೆಕ್ಕ ಕೊಟ್ಟರು: ಒಂದು ದಾರಿ ವೈರಿಯ ಕೈಯಲ್ಲಿದ್ದರೆ, ಪಡೆಯುವವರ ಮರುಮಾತಿಗೆ ಅವಕಾಶವಿಲ್ಲದಾಗ 4 ದಾರಿ ಬೇಕು, ಇದ್ದಾಗ 3 ಸಾಕು.

ತಪ್ಪು ಕಲ್ಪನೆ: ಇದೊಂದಿದ್ದರೆ ಗೂಢಲಿಪೀಕರಣ ಬೇಡ.

ವಾಸ್ತವ: ಪ್ರತಿ ಪಾಲೂ ಗುಟ್ಟಿನಷ್ಟೇ ಉದ್ದ. ದೊಡ್ಡ ಕಡತಕ್ಕೆ ಇದು ದುಬಾರಿ. ಕಡತಕ್ಕೆ ಬೀಗ ಹಾಕಿ, ಕೀಲಿಯನ್ನಷ್ಟೇ ಹಂಚುವುದು ಜಾಣತನ.

ತಪ್ಪು ಕಲ್ಪನೆ: ದಾರಿ ಹೆಚ್ಚಿದಷ್ಟೂ ಭದ್ರ.

ವಾಸ್ತವ: 2008ರ ಜನವರಿ 30ರಂದು ಈಜಿಪ್ಟಿನ ಅಲೆಕ್ಸಾಂಡ್ರಿಯಾ ಬಳಿ ಕಡಲಡಿಯ ಎರಡು ಕೇಬಲ್‌ಗಳು ಒಂದೇ ದಿನ ತುಂಡಾದವು. ಭಾರತದ ಇಂಟರ್ನೆಟ್ ಕುಂಟಿತು. ಹೆಸರಿಗೆ ಎರಡು ಕೇಬಲ್, ಹಾದುಹೋದದ್ದು ಒಂದೇ ಕಡಲತೀರದ ಬಳಿ. ಕದ್ದು ಕೇಳುವವನಿಗೂ ಅಂಥ ಒಂದು ಜಾಗ ಸಿಕ್ಕರೆ ಸಾಕು, ಪಾಲುಗಳೆಲ್ಲ ಅವನ ಮುಂದೆಯೇ ಹಾದುಹೋಗುತ್ತವೆ. ನಿಮ್ಮ ಮನೆಯ ವೈಫೈ ಮತ್ತು ಮೊಬೈಲ್ ಡೇಟಾ ಒಂದೇ ಕಂಪನಿಯವಾದರೆ ಅವನ್ನು ಎರಡು ದಾರಿ ಎಂದು ಎಣಿಸಬೇಡಿ. ಪಾಲು ಎಷ್ಟು ಎನ್ನುವ ಮೊದಲು, ಆ ದಾರಿಗಳು ಎಲ್ಲಿ ಕೂಡುತ್ತವೆ ಎಂದು ಕೇಳಿ.