ಅಳಬಾರದ ತಾಯಿ

ಟ್ಯೂನಿಸ್‌ನಿಂದ ಕಡಲಂಚಿಗೆ ಹೋಗುವ ಲೋಕಲ್ ರೈಲು ಸಲಾಂಬೊದಲ್ಲಿ ನಿಲ್ಲುತ್ತದೆ. ಅಲ್ಲಿನ ಬಿಳಿ ಗೋಡೆಯ ಮನೆಗಳ ನಡುವೆ, ಬೀದಿಮಟ್ಟಕ್ಕಿಂತ ತಗ್ಗಿನಲ್ಲಿ, ಗಿಡಗಂಟಿ ಬೆಳೆದ ಒಂದು ತೋಟ. ತೋಟದ ತುಂಬ ಕಲ್ಲುಗಳು. ನೆಟ್ಟಗಿರುವವು, ವಾಲಿದವು, ಒಂದಕ್ಕೊಂದು ಒರಗಿ ನಿಂತವು. ಹಲವುಗಳ ಮೇಲೆ ಒಂದು ತ್ರಿಕೋನ, ಅದರ ತುದಿಯಲ್ಲಿ ಅಡ್ಡಗೆರೆ, ಗೆರೆಯ ಮೇಲೆ ದುಂಡು ತಲೆ. ಮಗುವೊಂದು ಸ್ಲೇಟಿನ ಮೇಲೆ ಗೀಚಿದ ಲಂಗದ ಹುಡುಗಿಯ ಹಾಗೆ. ಪ್ರಾಚೀನ ನಗರ ಕಾರ್ಥೇಜಿನ ದೇವಿ ತಾನಿತಳ ಗುರುತು ಅದು.

1921ರಲ್ಲಿ ಬೆಳಕಿಗೆ ಬಂದ ಈ ಜಾಗವನ್ನು ತೋಫೆತ್ ಎನ್ನುತ್ತಾರೆ. ಕಲ್ಲುಗಳ ಕೆಳಗೆ ಮಡಕೆಗಳಿದ್ದವು, ಮಡಕೆಗಳಲ್ಲಿ ಸುಟ್ಟ ಎಲುಬು: ಎಳೆಗೂಸುಗಳದ್ದು, ಕೆಲವದರಲ್ಲಿ ಕುರಿಮರಿ, ಮೇಕೆಮರಿಗಳದ್ದು. ಕ್ರಿ.ಪೂ. 146ರಲ್ಲಿ ರೋಮನ್ನರು ಊರನ್ನು ನಾಶ ಮಾಡುವ ತನಕ ಪದರದ ಮೇಲೆ ಪದರವಾಗಿ ಇವನ್ನು ಹೂಳುತ್ತಲೇ ಬಂದಿದ್ದರು.

ಊರು ಅಳಿದು ಇನ್ನೂರು ವರ್ಷಗಳ ಮೇಲೆ ಗ್ರೀಕ್ ಲೇಖಕ ಪ್ಲುಟಾರ್ಕ್ ಒಂದು ದೃಶ್ಯ ಬರೆದ. ಮಕ್ಕಳಿಲ್ಲದವರು ಬಡವರಿಂದ ಕೂಸು ಕೊಂಡು ಬಲಿ ಕೊಡುತ್ತಾರೆ. ಹೆತ್ತವಳು ಪಕ್ಕದಲ್ಲೇ ನಿಂತಿರಬೇಕು; ಒಂದು ಹನಿ ಕಣ್ಣೀರು ಬಿದ್ದರೂ ಹಣ ಹೋಯಿತು, ಕೂಸಂತೂ ಉಳಿಯುವುದಿಲ್ಲ. ಗೋಳು ಕೇಳಿಸದಂತೆ ಕೊಳಲು, ತಮಟೆಗಳ ಗದ್ದಲ. ಓದಿದವರು ಮರೆಯಲಾರದ ಚಿತ್ರ, ನಿಜ. ಆದರೆ ಬರೆದವನು ಅದನ್ನು ಕಂಡವನಲ್ಲ, ಮೂಢಭಕ್ತಿಯನ್ನು ಹಳಿಯಲು ಕೂತವನು. 1862ರಲ್ಲಿ ಫ್ರೆಂಚ್ ಲೇಖಕ ಫ್ಲೋಬೇರ್ ತನ್ನ ಕಾದಂಬರಿಯಲ್ಲಿ ಈ ಬೆಂಕಿಗೆ ಇನ್ನಷ್ಟು ತುಪ್ಪ ಸುರಿದ.

ಎಲುಬುಗಳಾದರೂ ಒಂದೇ ಮಾತು ಹೇಳಿದವೇ? 2010ರಲ್ಲಿ ಸಂಶೋಧಕ ಜೆಫ್ರಿ ಶ್ವಾರ್ಟ್ಸ್ ತಂಡ 348 ಮಡಕೆಗಳನ್ನು ಪರೀಕ್ಷಿಸಿ, ಎಷ್ಟೋ ಕೂಸುಗಳು ಹುಟ್ಟುವ ಮುನ್ನವೋ ಹುಟ್ಟಿದ ಕೂಡಲೋ ತೀರಿಕೊಂಡವು, ಇದು ಮಕ್ಕಳ ಮಸಣ ಎಂದಿತು. ಪಟ್ರೀಷಿಯಾ ಸ್ಮಿತ್ ತಂಡ ಒಪ್ಪಲಿಲ್ಲ: ಬೆಂಕಿಯಲ್ಲಿ ಹಲ್ಲು ಕುಗ್ಗುತ್ತದೆ, ಆ ಲೆಕ್ಕ ಹಿಡಿದರೆ ಹೆಚ್ಚಿನವು ತಿಂಗಳು, ಒಂದೂವರೆ ತಿಂಗಳ ಕೂಸುಗಳು, ಸಹಜ ಸಾವು ಹೀಗೆ ಒಂದೇ ವಯಸ್ಸನ್ನು ಆರಿಸಿಕೊಳ್ಳುವುದಿಲ್ಲ.

ನನಗೆ ಮಾತ್ರ ಎಲುಬಿಗಿಂತ ಕಲ್ಲಿನ ಬರಹವೇ ಗಟ್ಟಿ ಸಾಕ್ಷಿ ಎನಿಸುತ್ತದೆ. ಅದರಲ್ಲಿ ಸತ್ತ ಮಗುವಿನ ಹೆಸರಿಲ್ಲ, ಶೋಕವಿಲ್ಲ. ದೇವಿ ತಾನಿತಳಿಗೆ, ಒಡೆಯ ಬಾಲ್ ಹಮ್ಮೋನನಿಗೆ ಇಂಥವರು ಹೊತ್ತ ಹರಕೆ ಇದು, ಮೊರೆ ಕೇಳಿದ್ದಕ್ಕಾಗಿ, ಎಂದಷ್ಟೇ ಇದೆ. ಸಮಾಧಿಯ ಮೇಲೆ ಹೀಗೆ ಬರೆಯುತ್ತಾರೆಯೇ? ಹರಕೆ ಹೊತ್ತವರಲ್ಲಿ ಗಂಡಸರೇ ಹೆಚ್ಚು. ಆದರೂ ನಡುನಡುವೆ ಹೆಂಗಸರಿದ್ದಾರೆ, ಗಂಡಸರ ಹಾಗೆಯೇ ತಂದೆ, ತಾತಂದಿರ ಹೆಸರು ಹೇಳಿಕೊಂಡು. ಪ್ಲುಟಾರ್ಕನ ತಾಯಿ ಕೂಸು ಮಾರಿ ಬಾಯಿ ಕಟ್ಟಿಸಿಕೊಂಡವಳು. ಕಲ್ಲಿನಲ್ಲಿ ಹೆಸರಿರುವ ಇವಳು ಹಾಗಲ್ಲ, ಬೇಡಿದವಳೂ ತಾನೇ, ತೀರಿಸಿದವಳೂ ತಾನೇ. ಕಾರ್ಥೇಜಿನ ಹೆಂಗಸನ್ನು ಬರಿಯ ಬಲಿಪಶುವೆಂದು ಮರುಗುವವರಿಗೂ, ಬಲಿಯೇ ನಡೆದಿಲ್ಲವೆಂದು ಊರಿನ ಕಳಂಕ ತೊಳೆಯುವವರಿಗೂ ಇವಳ ಕಲ್ಲು ತೊಡಕೇ.