ಶಾಕ್ ಗಟ್ಟಿ ಮಾಡ್ಸೋಕೆ ಮುಂಚೆ ಟೇಪ್ ಹಿಡೀರಿ

(ಈ ವಾರದ ಪಾಡ್‌ಕಾಸ್ಟ್ ಸಂಚಿಕೆಯ ಅಕ್ಷರರೂಪ)

ಈ ವಾರದ ಪ್ರಶ್ನೆ ಕುಣಿಗಲ್ ತಾಲ್ಲೂಕಿನ ಮಾರ್ಕೋನಹಳ್ಳಿ ಕಡೆಯಿಂದ ಬಂದಿದೆ. ವಾಯ್ಸ್ ಮೆಸೇಜ್ ಕಳಿಸಿದ ಕೇಳುಗರು ಹೆಸರು ಹೇಳ್ಬೇಡಿ ಅಂದಿದ್ದಾರೆ. ಯಾಕಂದ್ರೆ ಬಿದ್ದಿದ್ದು ಎಲ್ಲಿ, ಹೇಗೆ ಅಂತ ಮನೇಲಿ ಪೂರ್ತಿ ಹೇಳಿಲ್ವಂತೆ.

ಅವರದ್ದು ಹೀರೋ ಎಕ್ಸ್‌ಪಲ್ಸ್ 200. ವಾರವೆಲ್ಲಾ ಅದೇ ಗಾಡೀಲಿ ತೋಟ, ಡೇರಿ, ಅಮ್ಮನ್ನ ಕೂರಿಸ್ಕೊಂಡು ಕುಣಿಗಲ್ ಆಸ್ಪತ್ರೆ. ಭಾನುವಾರ ಬೆಳಗ್ಗೆ ಮಾತ್ರ ಮಣ್ಣಿನ ದಾರಿ, ದಿಬ್ಬ, ಒಂದೆರಡು ಜಂಪ್. ಜಂಪಿಂದ ಇಳಿದಾಗಲೆಲ್ಲ ಹಿಂದಿನ ಶಾಕ್ ತಳ ಹೊಡೀತಿತ್ತು. ಅಂಗಡಿಯವರೊಬ್ಬರು "ಗಟ್ಟಿ ಮಾಡ್ಕೊಡ್ತೀನಿ" ಅಂತ ಪ್ರೀಲೋಡ್ ರಿಂಗನ್ನ ಕೊನೇ ಹಂತದವರೆಗೂ ತಿರುಗಿಸಿ ಕೊಟ್ರು. ಮುಂದಿನ ಭಾನುವಾರ, ಟ್ರ್ಯಾಕ್ಟರ್ ಓಡಾಡಿ ಅಲೆ ಅಲೆಯಾಗಿದ್ದ ದಾರೀಲಿ ಹಿಂಭಾಗ ಒದ್ದು ಎಸೀತು. ಮಣಿಕಟ್ಟಿಗೆ ಪ್ಲಾಸ್ಟರ್ ಬಿತ್ತು. "ಗಟ್ಟಿ ಮಾಡಿಸಿದ ಮೇಲೇನೇ ಬಿದ್ದೆ ಸಾರ್. ಇನ್ನೂ ಗಟ್ಟಿ ಮಾಡಿಸ್ಬೇಕಾ, ಗಾಡಿ ಮಾರಿಬಿಡ್ಲಾ?" ಅನ್ನೋದು ಪ್ರಶ್ನೆ.

ಮಾರ್ಬೇಡಿ. ನಿಮ್ಮ ಶಾಕ್ ಗಟ್ಟಿ ಆಗೇ ಇಲ್ಲ.

ಒಂದು ಸ್ಪ್ರಿಂಗನ್ನು ಒಂದು ಸೆಂಟಿಮೀಟರ್ ಅದುಮೋಕೆ 10 ಕೆ.ಜಿ. ಭಾರ ಬೇಕು ಅಂತಿಟ್ಕೊಳ್ಳಿ. ಇನ್ನೊಂದು ಸೆಂಟಿಮೀಟರ್ ಇಳೀಬೇಕಂದ್ರೆ ಇನ್ನೊಂದು 10 ಕೆ.ಜಿ. ಬೇಕು. ಈ ಲೆಕ್ಕವೇ ಸ್ಪ್ರಿಂಗಿನ ಬಿಗಿ. ಅದನ್ನು ನಿರ್ಧರಿಸೋದು ತಂತಿಯ ದಪ್ಪ, ಸುರುಳಿಯ ಅಗಲ, ಎಷ್ಟು ಸುತ್ತು ಇದೆ ಅನ್ನೋದು. ರಿಂಗ್ ತಿರುಗಿಸಿದ್ರೆ ಈ ಮೂರರಲ್ಲಿ ಯಾವುದೂ ಬದಲಾಗಲ್ಲ. ಗಾಡಿಯ ಹಿಂಭಾಗ ಸ್ವಲ್ಪ ಮೇಲೇಳುತ್ತೆ, ಅಷ್ಟೇ.

ಹಾಗಾದ್ರೆ ಒದ್ದಿದ್ದು ಯಾಕೆ? ಹಿಂಭಾಗ ಎದ್ದು ನಿಂತಾಗ ಚಕ್ರ ಗುಂಡಿಯೊಳಗೆ ಇಳಿಯೋಕೆ ಉಳಿಯೋ ಜಾಗ ಕಮ್ಮಿ ಆಗುತ್ತೆ. ಅಲೆಯ ತಗ್ಗಿಗೆ ಚಕ್ರ ಇಳಿಯಲ್ಲ, ಮುಂದಿನ ಉಬ್ಬಿಗೆ ನೇರ ಹೊಡೆಯುತ್ತೆ. ಭಾರ ಮುಂದಕ್ಕೆ ವಾಲುತ್ತೆ, ಹ್ಯಾಂಡಲ್ ಚುರುಕಾಗುತ್ತೆ. ಒಣ ಮಣ್ಣಿನ ತಿರುವಲ್ಲಿ ಮುಂದಿನ ಚಕ್ರ ಮಡಚಿಕೊಳ್ಳೋದೂ ಇದ್ರಿಂದಲೇ.

ಇನ್ನು ಅಳತೆ. ಇದಕ್ಕೆ ಬೇಕಾಗಿರೋದು ಟೇಪು, ಚಾಕ್‌ಪೀಸು, ಇಬ್ಬರು ಸ್ನೇಹಿತರು. ಹಿಂದಿನ ಚಕ್ರ ನೆಲ ಬಿಡೋ ಹಾಗೆ ಗಾಡಿ ಎತ್ತಿ, ಆಕ್ಸಲ್‌ನಿಂದ ನೇರ ಮೇಲೆ ಬಾಡಿ ಮೇಲೊಂದು ಗುರುತು ಹಾಕಿ ಅಳೆದುಕೊಳ್ಳಿ. ಗಾಡಿಯನ್ನ ನೆಲಕ್ಕಿಟ್ಟು, ಯಾರೂ ಕೂರದೆ ಅಳೆಯಿರಿ. ಎಷ್ಟು ಇಳಿಯಿತೋ ಅದು ಖಾಲಿ ಸ್ಯಾಗ್. ಆಮೇಲೆ ಹೆಲ್ಮೆಟ್, ಬೂಟ್ ಸಮೇತ ಹತ್ತಿ ಕೂತು ಅಳೆಸಿ. ಅದು ಸವಾರನ ಸ್ಯಾಗ್. ಮಣ್ಣಿಗೆ ಇದು ಚಕ್ರದ ಒಟ್ಟು ಓಡಾಟದ ಮೂರನೇ ಒಂದು ಭಾಗದ ಆಸುಪಾಸು ಇರ್ಬೇಕು. ಎಕ್ಸ್‌ಪಲ್ಸ್ 200ರಲ್ಲಿ ಹಿಂದೆ 170 ಮಿ.ಮೀ. ಓಡಾಟ ಇದೆ, ಅಂದ್ರೆ 50ರಿಂದ 57 ಮಿ.ಮೀ.

ಉದಾಹರಣೆಗೆ, ರಿಂಗ್ ಮೊದಲ ಹಂತದಲ್ಲಿದ್ದಾಗ ಖಾಲಿ ಸ್ಯಾಗ್ 20, ನೀವು ಕೂತಾಗ 68 ಬಂತು ಅನ್ನೋಣ. ಜಾಸ್ತಿ ಆಯ್ತು. ರಿಂಗ್ ಕೊನೆಗೆ ತಿರುಗಿಸಿದ್ರಿ. ಖಾಲಿ 4, ಕೂತಾಗ 52. ಆಹಾ, 52 ಸರಿಯಾಗಿದೆ ಅನ್ಸುತ್ತೆ. ಆದ್ರೆ ಕಳೆದು ನೋಡಿ: 68ರಲ್ಲಿ 20 ಹೋದ್ರೆ 48, 52ರಲ್ಲಿ 4 ಹೋದ್ರೂ 48. ನಿಮ್ಮ ತೂಕಕ್ಕೆ ಸ್ಪ್ರಿಂಗ್ ಆಗಲೂ ಅಷ್ಟೇ ಬಗ್ಗಿತು, ಈಗಲೂ ಅಷ್ಟೇ. ಸವಾರನ ಸ್ಯಾಗ್ ಸರಿಯಿದ್ದು ಖಾಲಿ ಸ್ಯಾಗ್ ಇಲ್ಲವೇ ಇಲ್ಲ ಅನ್ನೋಷ್ಟು ಕಮ್ಮಿ ಇದ್ರೆ, ನಿಮಗೆ ಆ ಸ್ಪ್ರಿಂಗ್ ಮೆತ್ತಗಾಯ್ತು ಅಂತ ಅರ್ಥ. ಬಹಳಷ್ಟು ಜನ ಇದನ್ನ ಉಲ್ಟಾ ಓದ್ತಾರೆ.

ಅಂಥವರಿಗೆ ಬೇಕಾಗಿರೋದು ಬೇರೆ ಸ್ಪ್ರಿಂಗ್. ಅಲ್ಲೂ ಒಂದು ಮಿತಿ ಇದೆ. ಅದುಮಿದ ಸ್ಪ್ರಿಂಗ್ ವಾಪಸ್ ಚಿಮ್ಮೋದನ್ನ ಹಿಡಿದಿಡೋದು ಶಾಕಿನೊಳಗಿನ ಎಣ್ಣೆ. ಸ್ಪ್ರಿಂಗ್ ಮಾತ್ರ ತುಂಬಾ ಬಿಗಿ ಮಾಡಿದ್ರೆ ಆ ಎಣ್ಣೆಗೆ ಹಿಡಿಯೋಕಾಗಲ್ಲ, ಮತ್ತೆ ಒದೆತವೇ. ನೂರಕ್ಕೆ ಹತ್ತರಷ್ಟು ಬಿಗಿ ಸಾಕು, ಅದಕ್ಕಿಂತ ಬೇಕಂದ್ರೆ ಇಡೀ ಶಾಕ್ ಬದಲಾಯಿಸೋದೇ ಒಳ್ಳೇದು. ಹಿಂದಿನ ಶಾಕಿನ ಟ್ಯೂಬು ಬಿಚ್ಚೋದು, ವೆಲ್ಡ್ ಮಾಡೋದು ದಯವಿಟ್ಟು ಬೇಡ. ಮೋನೋಶಾಕ್‌ಗಳಲ್ಲಿ ಒತ್ತಡದ ಗ್ಯಾಸ್ ಇರುತ್ತೆ.

ಮುಂದಿನ ಫೋರ್ಕಲ್ಲಿ ಕಮ್ಮಿ ಖರ್ಚಲ್ಲಿ ಆಗೋ ಕೆಲಸ ಜಾಸ್ತಿ. ದಪ್ಪ ಆಯಿಲ್ ಹಾಕಿದ್ರೆ ಫೋರ್ಕ್ ನಿಧಾನವಾಗಿ ಓಡಾಡುತ್ತೆ, ಸ್ಪ್ರಿಂಗ್ ಬಿಗಿಯಾಗಲ್ಲ. ಆಯಿಲ್ ಮಟ್ಟ ಸ್ವಲ್ಪ ಏರಿಸಿದ್ರೆ ಬೇರೇನೇ ಆಗುತ್ತೆ. ಆಯಿಲ್ ಮೇಲಿನ ಗಾಳಿಯ ಜಾಗ ಕಿರಿದಾಗುತ್ತೆ, ಫೋರ್ಕ್ ಕೊನೆಗೆ ಬಂದಾಗ ಆ ಗಾಳಿಯೇ ಇನ್ನೊಂದು ಸ್ಪ್ರಿಂಗ್ ಥರ ತಳ್ಳುತ್ತೆ. ಸಣ್ಣ ಕಲ್ಲಿಗೆ ಮೆತ್ತಗೆ, ಜಂಪಿಗೆ ಬಿಗಿ! ಎರಡೂ ಕಾಲಿಗೆ ಅಳೆದು ಸಮ ಹಾಕ್ಬೇಕು, ಒಂದು ಸಲಕ್ಕೆ 5 ಮಿ.ಲೀ. ಮಾತ್ರ. ಅತಿಯಾದ್ರೆ ಆಯಿಲ್ ಸೀಲ್ ಕಿತ್ಕೊಂಡು ಬರುತ್ತೆ. ಮುಚ್ಚಳದ ಕೆಳಗೆ ಸ್ಪ್ರಿಂಗ್ ಅದುಮಿಕೊಂಡಿರುತ್ತೆ, ಬಿಚ್ಚುವಾಗ ಮುಖ ಆ ಕಡೆ ಇಡ್ಬೇಡಿ. ಸ್ಪ್ರಿಂಗಿನ ಒಂದೆರಡು ಸುತ್ತು ಕತ್ತರಿಸಿ, ಕಮ್ಮಿಯಾದಷ್ಟು ಉದ್ದಕ್ಕೆ ಪೈಪ್ ತುಂಡು ಇಡೋ ಪದ್ಧತಿಯೂ ಇದೆ. ಸುತ್ತು ಕಮ್ಮಿಯಾದ್ರೆ ಬಿಗಿ ನಿಜಕ್ಕೂ ಹೆಚ್ಚುತ್ತೆ, ಸುಳ್ಳಲ್ಲ. ಗ್ಯಾಸ್ ಕಟಿಂಗ್ ಬೆಂಕಿ ತಾಗಿಸಿದ್ರೆ ಮಾತ್ರ ಉಕ್ಕಿನ ಹದ ಹೋಗುತ್ತೆ, ಆಮೇಲೆ ಅದು ಯಾವ ಜಂಪಲ್ಲಿ ಮುರಿಯುತ್ತೋ ಹೇಳೋಕಾಗಲ್ಲ.

ಗಟ್ಟಿ ಇದ್ರೇನೇ ರೇಸ್ ಗಾಡಿ ಅನ್ನೋ ನಂಬಿಕೆಗೆ ಒಂದು ಮಾತು. 1973ರಲ್ಲಿ ಯಮಹಾ ಮೋನೋಶಾಕ್ ಗಾಡೀಲಿ ಸ್ವೀಡನ್ನಿನ ಹೋಕನ್ ಆಂಡರ್ಸನ್ 250 ಸಿಸಿ ಮೋಟೋಕ್ರಾಸ್ ವಿಶ್ವ ಚಾಂಪಿಯನ್ ಆದ್ರು. ಆ ಗಾಡಿಯ ಗುಟ್ಟು ಇದ್ದಿದ್ದು ಹಿಂದಿನ ಚಕ್ರಕ್ಕೆ ಸಿಕ್ಕ ಹೆಚ್ಚಿನ ಓಡಾಟದಲ್ಲಿ. ಎಕ್ಸ್‌ಪಲ್ಸ್‌ಗೆ ಕಂಪನಿಯೇ ತಂದ ರ‍್ಯಾಲಿ ಕಿಟ್ಟಲ್ಲೂ ಅಷ್ಟೇ: ಮುಂದೆ 190 ಇದ್ದದ್ದು 250 ಮಿ.ಮೀ. ಆಯ್ತು, ಹಿಂದೆ 220.

ಪ್ರೀಲೋಡ್ ರಿಂಗ್ ದಂಡವಲ್ಲ, ಸ್ವಾಮಿ. ಅದು ಇರೋದೇ ಅಮ್ಮನಿಗೋಸ್ಕರ. ಹಿಂದೆ ಅವರನ್ನ ಕೂರಿಸ್ಕೊಂಡಾಗ ಗಾಡಿ ಹಿಂದಕ್ಕೆ ಕುಸಿಯದ ಹಾಗೆ ಎರಡು ಮೂರು ಹಂತ ಏರಿಸಿ, ಭಾನುವಾರ ವಾಪಸ್ ಇಳಿಸಿ. ಯಾವ ಹಂತ ಯಾವುದಕ್ಕೆ ಅಂತ ಪೆಟ್ರೋಲ್ ಟ್ಯಾಂಕಿಗೆ ಒಂದು ಚೀಟಿ ಅಂಟಿಸ್ಕೊಂಡ್ರೂ ಸರಿ.

ಇನ್ನೊಂದು, ಕೇಳದೇ ಇದ್ರೂ ಹೇಳ್ತೀನಿ. ಅಣೆಕಟ್ಟೆ ಕೆಳಗಿನ ಶಿಂಷಾ ಪಾತ್ರದ ಮರಳಲ್ಲಿ ಓಡಿಸ್ತೀವಿ ಅಂತ ಮೆಸೇಜಲ್ಲಿ ಹೇಳಿದ್ರಿ. ಮಾರ್ಕೋನಹಳ್ಳೀಲಿ ಸೈಫನ್ ಇದೆ. ನೀರಿನ ಮಟ್ಟ ಏರಿದ್ರೆ ಯಾರೂ ಗೇಟ್ ಎತ್ತದೇ ತಾನಾಗೇ ಹರಿಯುತ್ತೆ. ಮಳೆಗಾಲದಲ್ಲಿ ಆ ಜಾಗ ಬಿಟ್ಬಿಡಿ.

ಪ್ಲಾಸ್ಟರ್ ಬಿಚ್ಚಿದ ಮೇಲೆ ಖಾಲಿ ಸ್ಯಾಗ್, ಸವಾರನ ಸ್ಯಾಗ್ ಎರಡನ್ನೂ ಬರೆದು ಕಳಿಸಿ. ಟೈರ್ ಗಾಳಿ ಎಷ್ಟಿತ್ತು ಅನ್ನೋದನ್ನೂ ಸೇರಿಸಿ. ಮುಂದಿನ ಸಂಚಿಕೇಲಿ ಆ ಅಳತೆ ಇಟ್ಕೊಂಡೇ ಮಾತಾಡೋಣ.