ಮರಳೇಟಿಗೆ ಮರಳು ಬೇಡ

ಗೋಣಿತಾಟು ಹೊದ್ದು ಶೆಡ್ಡಿನ ಮೂಲೆಯಲ್ಲಿ ನಿಂತ ಅಪ್ಪನ ಕಾಲದ ಯೆಜ್ಡಿ ನಮ್ಮಲ್ಲಿ ಎಷ್ಟೋ ಮನೆಗಳಲ್ಲಿದೆ. ಅದನ್ನು ತಯಾರಿಸುತ್ತಿದ್ದ ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ 1961ರಲ್ಲಿ ಕೆಲಸ ಶುರು ಮಾಡಿ 1996ರಲ್ಲಿ ಬಾಗಿಲು ಹಾಕಿತು. ಅಲ್ಲಿಂದ ಹೊರಬಿದ್ದ ಕಟ್ಟಕಡೆಯ ಬೈಕಿಗೂ ಈಗ ಕಾಲು ಶತಮಾನಕ್ಕಿಂತ ಹೆಚ್ಚು ವಯಸ್ಸು. ಎಂಜಿನ್ನಿನ ಚಿಂತೆಯಿಲ್ಲ, ಟೂ ಸ್ಟ್ರೋಕಿನ ಆ ಸರಳ ಯಂತ್ರವನ್ನು ಬಿಚ್ಚಿ ಕಟ್ಟಬಲ್ಲ ಮೆಕ್ಯಾನಿಕ್‌ಗಳು ಇನ್ನೂ ಇದ್ದಾರೆ. ಹಟ ಮಾಡುವುದು ತುಕ್ಕು. ಉಪ್ಪುಕಾಗದ ಹಿಡಿದು ಕೂತರೆ ಮಡ್‌ಗಾರ್ಡಿನ ಬೆನ್ನು ಬೆಳಗೀತು. ಚಾಸಿಯ ಕೊಳವೆಗಳು ಕೂಡುವ ವೆಲ್ಡಿಂಗ್ ಸಂದಿಗೆ ಬೆರಳೇ ಹೋಗದು, ಕಾಗದ ಎಲ್ಲಿಂದ ಹೋದೀತು?

ಆಗ ನೆನಪಾಗುವುದು ಸ್ಯಾಂಡ್‌ಬ್ಲಾಸ್ಟಿಂಗ್. ಅಂಗಡಿಯಲ್ಲಿ ಕೇಳಿದರೆ ಅಂಗೈಯಲ್ಲಿ ಹಿಡಿಯುವ ಗನ್ನಿನಿಂದ ಸೊಂಟದೆತ್ತರದ ಪಾಟಿನವರೆಗೆ ಬಗೆಬಗೆಯವನ್ನು ತೋರಿಸುತ್ತಾರೆ. ಯಾವುದನ್ನು ಕೊಳ್ಳುವುದು? ಉತ್ತರ ಗನ್ನಿನಲ್ಲಿಲ್ಲ. ಅದರ ಬೆನ್ನಿಗಿರುವ ಗಾಳಿಯಲ್ಲಿ ಅರ್ಧ, ಬಾಯಿಂದ ಹೊರಡುವ ಕಾಳಿನಲ್ಲಿ ಇನ್ನರ್ಧ ಇದೆ.

ಅಮೆರಿಕದ ಬೆಂಜಮಿನ್ ಟಿಲ್‌ಗ್‌ಮನ್ 1870ರಲ್ಲಿ ಈ ತಂತ್ರಕ್ಕೆ ಪೇಟೆಂಟ್ ಪಡೆದ. ತತ್ವ ಅಂದಿನದೇ: ಗಟ್ಟಿ ಕಾಳನ್ನು ರಭಸದಿಂದ ಬೀಸಿ ಹೊಡೆಯುವುದು. ಒಂದು ಕಾಳಿನ ಜೊತೆ ಸ್ವಲ್ಪ ದೂರ ಹೋಗಿ ನೋಡೋಣ. ಮೂರನೇ ಒಂದು ಮಿಲಿಮೀಟರಿನಷ್ಟು ದಪ್ಪದ ಗಾರ್ನೆಟ್ ಹರಳು ನಾಝಲ್‌ನಿಂದ ಹೊರಟು ತುಕ್ಕಿಗೆ ಬಡಿಯುತ್ತದೆ. ತುಕ್ಕು ಮೊಟ್ಟೆಯ ಚಿಪ್ಪಿನಂಥದು, ಬಗ್ಗಲು ಬಾರದು, ಒಡೆದು ಉದುರುತ್ತದೆ. ಕೆಳಗಿನ ಉಕ್ಕು ಬಗ್ಗಬಲ್ಲದು. ಒಂದು ಸಣ್ಣ ಕುಳಿ ಬಿದ್ದು ಸುಮ್ಮನಾಗುತ್ತದೆ. ಒಂದು ಹರಳಿನ ಏಟು ಲೆಕ್ಕಕ್ಕಿಲ್ಲ. ಆದರೆ ಇಂಥ ಗಾರ್ನೆಟ್ ಒಂದು ಕಿಲೋದಲ್ಲಿ ಒಂದು ಕೋಟಿಗೂ ಮೀರಿ ಹರಳುಗಳಿರುತ್ತವೆ. ಅವು ಬಿಟ್ಟುಹೋದ ಕುಳಿಗಳೇ ಮುಂದೆ ಪ್ರೈಮರ್ ಬೇರೂರುವ ಜಾಗ. ಕನ್ನಡಿಯಂತೆ ನುಣುಪಾದ ಉಕ್ಕಿಗಿಂತ ಹೀಗೆ ತರಿತರಿಯಾದ ಉಕ್ಕಿನ ಮೇಲೆ ಬಣ್ಣ ಹೆಚ್ಚು ಕಾಲ ನಿಲ್ಲುತ್ತದೆ.

ವಿಚಿತ್ರವೆಂದರೆ, ಉಕ್ಕನ್ನು ತರಿಯುವ ಇದೇ ಹರಳು ರಬ್ಬರಿನ ಮುಂದೆ ಸೋಲುತ್ತದೆ. ಮೆತ್ತನೆಯ ವಸ್ತು ಏಟನ್ನು ನುಂಗಿ ಹರಳನ್ನು ವಾಪಸು ಚಿಮ್ಮಿಸುತ್ತದೆ. ಗಾಜಿನ ಮೇಲೆ ಚಿತ್ತಾರ ಕೊರೆಯುವವರು ರಬ್ಬರಿನ ಅಚ್ಚು ಅಂಟಿಸುವುದು ಇದೇ ಕಾರಣಕ್ಕೆ. ಬೈಕಿನವರಿಗೂ ಇದರಿಂದ ಎರಡು ಪಾಠ. ಚಾಸಿ ನಂಬರಿನ ಮೇಲೆ ಎರಡು ಮೂರು ಪದರ ದಪ್ಪ ಟೇಪು ಸುತ್ತಿಬಿಡಿ. ಅಂಕಿ ಮಸುಕಾದರೆ ಆರ್‌ಟಿಒ ಕಚೇರಿಯಲ್ಲಿ ಉತ್ತರ ಕೊಡಬೇಕಾದವರು ನೀವು. ಗ್ರೀಸು, ಜಿಡ್ಡುಗಳನ್ನು ಮೊದಲೇ ತೊಳೆದುಬಿಡಿ. ಅವು ಏಟಿಗೆ ಹೋಗುವುದಿಲ್ಲ, ಬದಲಿಗೆ ಕಾಳನ್ನೇ ಮೈಗೆ ಮೆತ್ತಿಕೊಳ್ಳುತ್ತವೆ.

ಈಗ ಗಾಳಿಯ ಲೆಕ್ಕ. ಹೆಚ್ಚಿನವರು ಎಡವುವುದು ಇಲ್ಲೇ. 3 ಮಿಲಿಮೀಟರ್ ತೂತಿನ ನಾಝಲ್ 80 ಪಿಎಸ್‌ಐ ಒತ್ತಡದಲ್ಲಿ ನಿಮಿಷಕ್ಕೆ ಹೆಚ್ಚುಕಡಿಮೆ 16 ಘನ ಅಡಿ, ಅಂದರೆ 450 ಲೀಟರ್ ಗಾಳಿ ಕುಡಿಯುತ್ತದೆ. ಕಂಪ್ರೆಸರ್ ಒಂದು ಎಚ್‌ಪಿಗೆ ಕೊಡುವುದು ಮೂರೂವರೆ, ನಾಲ್ಕು ಘನ ಅಡಿ. ಮನೆಯ ಸಿಂಗಲ್ ಫೇಸಿಗೆ ಒಗ್ಗುವ 2 ಎಚ್‌ಪಿ ಕಂಪ್ರೆಸರಿನಿಂದ ಏಳೆಂಟು ಸಿಕ್ಕರೆ ಹೆಚ್ಚು. 50 ಲೀಟರಿನ ಟ್ಯಾಂಕು ತುಂಬಿದ್ದರೂ ಅರ್ಧ ನಿಮಿಷದೊಳಗೆ ಒತ್ತಡ ಕುಸಿದು, ಗನ್ನು ಉಬ್ಬಸ ಬಂದವರಂತೆ ಉಸುರುತ್ತದೆ. ವೇಗ ಅರ್ಧಕ್ಕಿಳಿದರೆ ಏಟಿನ ಶಕ್ತಿ ಕಾಲು ಭಾಗಕ್ಕೆ ಇಳಿಯುತ್ತದೆ ಎಂಬುದು ಹೈಸ್ಕೂಲಿನ ಭೌತಶಾಸ್ತ್ರ.

ತೂತಿನ ಅಳತೆ ಇನ್ನೂ ಮೋಸದ್ದು. ವ್ಯಾಸ ಎರಡು ಪಟ್ಟಾದರೆ ಗಾಳಿ ನಾಲ್ಕು ಪಟ್ಟು ಬೇಕು. ಹೊಡೆಯುವ ಕಾಳು ನಾಝಲ್‌ನ ಗಂಟಲನ್ನೂ ಸವೆಸುತ್ತದೆ. 3 ಮಿಲಿಮೀಟರ್ ಇದ್ದದ್ದು 4 ಆಯಿತೆಂದರೆ ಗಾಳಿಯ ಖರ್ಚು ಹತ್ತಿರ ಹತ್ತಿರ ಇಮ್ಮಡಿ. ಅಗ್ಗದ ಸೆರಾಮಿಕ್ ನಾಝಲ್ ಬೇಗ ಸವೆಯುತ್ತದೆ, ಟಂಗ್‌ಸ್ಟನ್ ಕಾರ್ಬೈಡಿನದು ಬಹುಕಾಲ ಬಾಳುತ್ತದೆ. ಆದ್ದರಿಂದ ಮೊದಲು ಕಂಪ್ರೆಸರ್ ನೋಡಿ, ಅದಕ್ಕೆ ತಕ್ಕ ನಾಝಲ್ ಆರಿಸಿ. 2 ಎಚ್‌ಪಿಗೆ 2 ಮಿಲಿಮೀಟರ್ ಸಾಕು. ಕೊಳ್ಳುವಾಗ ಫಲಕದ ಮೇಲೆ ದಪ್ಪಕ್ಷರದಲ್ಲಿ ಬರೆದ ಅಂಕಿಗೆ ಮರುಳಾಗಬೇಡಿ. ಎಷ್ಟೋ ಸಲ ಅದು ಪಿಸ್ಟನ್ ತಳ್ಳುವ ಗಾಳಿಯ ಲೆಕ್ಕ. ನಿಜವಾಗಿ ಹೊರಬರುವುದು ಅದಕ್ಕಿಂತ ಕಡಿಮೆ. ‘ಎಫ್‌ಎಡಿ, ಅಂದರೆ ನಿಜವಾಗಿ ಹೊರಬರುವ ಗಾಳಿ, ಎಷ್ಟು?’ ಎಂದು ಕೇಳಿ.

ಗನ್ನಿನಲ್ಲಿ ಎರಡು ಜಾತಿ. ಸೈಫನ್ ಗನ್ನು ಸೊಳ್ಳೆ ಔಷಧ ಹೊಡೆಯುವ ಹಳೆಯ ಪಂಪಿನಂತೆ: ರಭಸದ ಗಾಳಿ ಹಾಯುವಲ್ಲಿ ಒತ್ತಡ ತಗ್ಗಿ, ಡಬ್ಬಿಯ ಕಾಳು ಕೊಳವೆಯಲ್ಲಿ ತಾನಾಗಿ ಮೇಲೇರಿ ಬರುತ್ತದೆ. ಬೆಲೆ ಕಡಿಮೆ, ಕೆಲಸ ನಿಧಾನ. ಪ್ರೆಶರ್ ಪಾಟಿನಲ್ಲಿ ಗಾಳಿ, ಕಾಳು ಎರಡೂ ಒಂದೇ ಒತ್ತಡದಲ್ಲಿ ಒಟ್ಟಿಗೆ ಹೊರಡುವುದರಿಂದ ಕೆಲಸ ಮೂರು ನಾಲ್ಕು ಪಟ್ಟು ಚುರುಕು. ಆದರೆ ಅದು ಒತ್ತಡ ತುಂಬಿದ ಪಾತ್ರೆ ಎಂಬುದು ನೆನಪಿರಲಿ. ಹಳೆಯ ಗ್ಯಾಸ್ ಸಿಲಿಂಡರ್ ಕೊಯ್ದು ವೆಲ್ಡ್ ಮಾಡಿದ ಪಾಟನ್ನು ಯಾರಾದರೂ ಅಗ್ಗಕ್ಕೆ ಕೊಡುತ್ತೇನೆಂದರೆ ಕೈಮುಗಿದು ಬನ್ನಿ. ಕೈ ಬಿಟ್ಟೊಡನೆ ತಾನೇ ನಿಲ್ಲುವ ಹಿಡಿಯೂ ಇರಬೇಕು. ಇವೆರಡರ ಆಚೆ ಕ್ಯಾಬಿನೆಟ್ ಇದೆ: ಗಾಜಿನ ಕಿಟಕಿ, ಒಳಗೆ ಚಾಚಿದ ಎರಡು ಕೈಗವಸು. ಧೂಳು ಹೊರಗೆ ಬಾರದು, ಬಿದ್ದ ಕಾಳು ಮತ್ತೆ ಬಳಕೆಗೆ ಸಿಗುತ್ತದೆ. ಮಿತಿ ಒಂದೇ: ಚಾಸಿ ಅದರೊಳಗೆ ಹಿಡಿಸದು.

ಇನ್ನು ಕಾಳು. ಹೆಸರೇ ಸ್ಯಾಂಡ್‌ಬ್ಲಾಸ್ಟಿಂಗ್, ಆದರೆ ಅದಕ್ಕೆ ಹಾಕಬಾರದ್ದು ಮರಳೇ. ಹೊಳೆಯ ಮರಳು ಬಹುಪಾಲು ಸಿಲಿಕಾ. ಉಕ್ಕಿಗೆ ಬಡಿದು ಪುಡಿಯಾದಾಗ ಕಣ್ಣಿಗೆ ಕಾಣದಷ್ಟು ಸಣ್ಣ ಧೂಳಾಗಿ ಶ್ವಾಸಕೋಶದ ತಳಕ್ಕಿಳಿದು ಗಾಯದ ಕಲೆ ಕಟ್ಟುತ್ತದೆ. ಅದೇ ಸಿಲಿಕೋಸಿಸ್, ವಾಸಿ ಮಾಡುವ ಮದ್ದಿಲ್ಲ. ಬ್ರಿಟನ್ 1949ರಲ್ಲೇ ಬ್ಲಾಸ್ಟಿಂಗಿಗೆ ಮರಳು ಬಳಸುವುದನ್ನು ನಿಷೇಧಿಸಿತು. ಭಾರತದ 1948ರ ಕಾರ್ಖಾನೆ ಕಾಯ್ದೆ ಈ ಕಾಯಿಲೆಯನ್ನು ಸರ್ಕಾರಕ್ಕೆ ವರದಿ ಮಾಡಲೇಬೇಕಾದವುಗಳ ಪಟ್ಟಿಯಲ್ಲಿ ಇಟ್ಟಿತು. ಮೂಗಿಗೆ ಕರವಸ್ತ್ರ ಕಟ್ಟಿಕೊಂಡರೆ ಈ ಧೂಳು ನಿಲ್ಲುವುದಿಲ್ಲ. ಹಳೆಯ ಬಣ್ಣದಲ್ಲಿ ಸೀಸವೂ ಇದ್ದೀತು. ಹಾಗಾಗಿ ಕಾಳು ಯಾವುದೇ ಇರಲಿ, ಸರಿಯಾದ ರೆಸ್ಪಿರೇಟರ್ ಬೇಕೇ ಬೇಕು.

ಮರಳಿನ ಬದಲು ಏನು? ಉಕ್ಕಿನ ಚಾಸಿ, ಸ್ಟ್ಯಾಂಡುಗಳಿಗೆ ಗಾರ್ನೆಟ್ ಒಳ್ಳೆಯದು. ತಮಿಳುನಾಡಿನ ದಕ್ಷಿಣ ಕರಾವಳಿಯ ಮರಳಿನಲ್ಲೇ ಸಿಗುವ ಖನಿಜ ಅದು. ಕ್ಯಾಬಿನೆಟ್ಟಿಗೆ ಅಲ್ಯೂಮಿನಿಯಂ ಆಕ್ಸೈಡ್ ಲೇಸು. ಗಟ್ಟಿತನದ ಮೋಸ್ ಮಾನದಲ್ಲಿ ಅದು 9, ಮತ್ತೆ ಮತ್ತೆ ಬಳಸಬಹುದು. ಅಲ್ಯೂಮಿನಿಯಂ ಭಾಗಗಳಿಗೆ ಗಾಜಿನ ಮಣಿ ಹೊಡೆದರೆ ರೇಷ್ಮೆಯಂಥ ಹೊಳಪು ಬರುತ್ತದೆ. ಆದರೆ ಎಂಜಿನ್ ಕೇಸಿನ ಸಂದಿಯಲ್ಲಿ ಉಳಿದ ಒಂದು ಚಿಟಿಕೆ ಮಣಿ ಬೇರಿಂಗನ್ನು ತಿಂದುಹಾಕೀತು. ಕಾರ್ಬೊರೇಟರಿನಂಥ ನಾಜೂಕು ಭಾಗಕ್ಕೆ ಅಡುಗೆ ಸೋಡಾದ ದಪ್ಪ ಪುಡಿ ಇದೆ. ಉಳಿದದ್ದು ಬಿಸಿನೀರಿನಲ್ಲಿ ಕರಗಿ ಹೋಗುತ್ತದೆ. 1980ರ ದಶಕದಲ್ಲಿ ನ್ಯೂಯಾರ್ಕಿನ ಸ್ವಾತಂತ್ರ್ಯ ದೇವತೆಯ ತಾಮ್ರದ ಒಳಮೈ ಉಜ್ಜಿದ್ದೂ ಈ ಸೋಡಾದಿಂದಲೇ.

ಮಡ್‌ಗಾರ್ಡ್, ಟ್ಯಾಂಕುಗಳ ತೆಳು ತಗಡಿಗೆ ಗಾರ್ನೆಟ್ ಹಿಡಿದಿರೋ, ಕೆಟ್ಟಿರಿ. ಏಟು ಬಿದ್ದ ಮಗ್ಗುಲು ಹಿಗ್ಗುತ್ತದೆ, ಹಿಂದಿನ ಮಗ್ಗುಲು ಇದ್ದಂತೆಯೇ ಇರುತ್ತದೆ. ತಗಡು ಸುಟ್ಟ ಹಪ್ಪಳದಂತೆ ಸೊಟ್ಟಗಾಗುತ್ತದೆ. ಬಿಸಿಯಿಂದ ಬಗ್ಗಿತು ಎನ್ನುವುದು ವಾಡಿಕೆ. ಬಗ್ಗಿಸಿದ್ದು ಹೆಚ್ಚಾಗಿ ಏಟು. ಗುರುತು ಬೇಕೇ? ತಗಡು ಗನ್ನಿಗೆ ಹೆದರಿ ಒಳಗೆ ತಗ್ಗುವುದಿಲ್ಲ, ಗನ್ನಿನ ಕಡೆಗೇ ಉಬ್ಬುತ್ತದೆ. ಟ್ಯಾಂಕಿಗೆ ಪೇಂಟ್ ರಿಮೂವರ್ ಮತ್ತು ತಾಳ್ಮೆಯೇ ಸರಿ. ಪೆಟ್ರೋಲ್ ವಾಸನೆ ಉಳಿದ ಟ್ಯಾಂಕನ್ನಂತೂ ಗನ್ನಿನ ಹತ್ತಿರ ತರಲೇಬೇಡಿ. ಒಂದು ಕಿಡಿ ಸಾಕು.

ಕೊನೆಯ ಶತ್ರು ನೀರು. ಗಾಳಿಯನ್ನು ಎಂಟನೇ ಒಂದು ಪಾಲಿಗೆ ಅಮುಕಿದಾಗ ಅದರಲ್ಲಿದ್ದ ತೇವ ಹಿಂಡಿದಂತೆ ಹೊರಬರುತ್ತದೆ. ನೀರು ಹಿಡಿಯುವ ಫಿಲ್ಟರ್ ಇಲ್ಲದಿದ್ದರೆ ಕಾಳು ಒದ್ದೆಯಾಗಿ ನಾಝಲ್‌ನಲ್ಲಿ ಗಂಟು ಕಟ್ಟುತ್ತದೆ. ಮಂಗಳೂರಿನ ಮಳೆಗಾಲದಲ್ಲಿ ಈ ಕೆಲಸಕ್ಕೆ ಕೈ ಹಾಕದಿರುವುದೇ ಜಾಣತನ.

ಹಾಗಾದರೆ ಒಂದೇ ಬೈಕು ಕಟ್ಟುವವರು ಏನು ಕೊಳ್ಳಬೇಕು? ಪ್ರೆಶರ್ ಪಾಟು ಬೇಡ. ಚಾಸಿಯನ್ನು ಪೌಡರ್ ಕೋಟಿಂಗ್ ಮಾಡುವವರಲ್ಲಿಗೆ ಒಯ್ಯಿರಿ. ಮರಳು ಬಳಸುವುದಿಲ್ಲವಷ್ಟೇ ಎಂದು ಕೇಳಿಯೇ ಕೊಡಿ. ಬ್ರಾಕೆಟ್, ಲಿವರ್, ಬ್ರೇಕ್ ಪ್ಲೇಟಿನಂಥ ಸಣ್ಣ ಭಾಗಗಳಿಗೆ ಪುಟ್ಟ ಕ್ಯಾಬಿನೆಟ್ಟು, 2 ಎಚ್‌ಪಿ ಕಂಪ್ರೆಸರ್, 2 ಮಿಲಿಮೀಟರ್ ನಾಝಲ್ ಮನೆಯಲ್ಲಿರಲಿ. ಎಲ್ಲಕ್ಕಿಂತ ಮೊದಲು ಪ್ರೈಮರ್ ಡಬ್ಬಿ ತಂದಿಟ್ಟುಕೊಳ್ಳಿ. ಬ್ಲಾಸ್ಟ್ ಮಾಡಿದ ಉಕ್ಕಿಗೆ ಮೈಮೇಲೆ ಬಟ್ಟೆಯಿಲ್ಲ. ಬೆಳಗ್ಗೆ ಬೆಳ್ಳಿಯಂತೆ ಹೊಳೆದದ್ದಕ್ಕೆ ಅಂದೇ ಪ್ರೈಮರ್ ಬೀಳದಿದ್ದರೆ ಮರುದಿನ ಮತ್ತೆ ಕೆಂಪಗಾಗಿರುತ್ತದೆ.